ಹೋಗ್ಲಿಕ್ಕುಂಟು: ಸಂಪಾಜೆಯಿಂದ ನೋಡಿದ ಇಂಗ್ಲಿಷ್ ವ್ಯಾಕರಣ

ಸಂಪಾಜೆಯ ಎರಡೂ ಬದಿಯಿಂದ ಬಂದು ಕೂತಿರುವ ಬಂಧುಗಳೇ,

ಎರಡೂ ಬದಿ ಎಂದು ಬೇಕೆಂದೇ ಹೇಳಿದೆ. ಸಂಪಾಜೆ ಎಂಬ ಹೆಸರಿನ ಗ್ರಾಮ ಸುಳ್ಯ ತಾಲೂಕಿನಲ್ಲೂ ಇದೆ, ಮಡಿಕೇರಿ ತಾಲೂಕಿನಲ್ಲೂ ಇದೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಂಡ ಮೇಲೆ ಪುತ್ತೂರು, ಅಮರಸುಳ್ಯದ ಸೀಮೆಯನ್ನು ಕೊಡಗಿನಿಂದ ಬಿಡಿಸಿ ಕೆನರಾಕ್ಕೆ ಸೇರಿಸಿತು. ಅದರ ಉರಿ 1837ರ ದಂಗೆಯಾಗಿ ಎದ್ದದ್ದು ಇಲ್ಲಿನ ಮನೆಮನೆಗೂ ಗೊತ್ತು. ಗಡಿಯ ಗೆರೆ ಹೀಗೆ ಕಾಗದದ ಮೇಲೆ ಬಂತು, ಮಾತಿನ ಮೇಲೆ ಬರಲಿಲ್ಲ. ಗೆರೆಯ ಆಚೆಗೂ ಈಚೆಗೂ ಗೌಡರ ಮನೆಗಳಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಹವ್ಯಕರ ಮನೆಯಲ್ಲಿ ಅವರ ಕನ್ನಡ, ಅಂಗಡಿ ಸಾಲಿನಲ್ಲಿ ಮಲಯಾಳ ಮತ್ತು ಬ್ಯಾರಿ, ಘಾಟಿ ಹತ್ತಿದರೆ ಕೊಡವ ತಕ್ಕ್. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದು ಸುಳ್ಯ ಸೀಮೆಯ ರಬ್ಬರ್ ತೋಟಗಳಲ್ಲಿ ನೆಲೆಸಿದವರ ತಮಿಳು ಬೇರೆ. ಇಷ್ಟು ಮಾತುಗಳ ನಡುವೆ ಬೆಳೆದ ಹುಡುಗಿ ಶಾಲೆಗೆ ಬಂದು ಇಂಗ್ಲಿಷ್ ವ್ಯಾಕರಣದ ಪುಟ ತೆರೆದಾಗ ಅವಳ ಕಿವಿಗೆ ಬೀಳುವ ಮೊದಲ ಮಾತು, ನಿಮಗೆ ವ್ಯಾಕರಣ ಬರುವುದಿಲ್ಲ ಎಂಬುದು.

ಆ ಮಾತು ಸುಳ್ಳು. ಅದು ಸುಳ್ಳು ಎಂದು ತೋರಿಸುವುದೇ ಈ ಉಪನ್ಯಾಸದ ಕೆಲಸ. ಇಂಗ್ಲಿಷಿನಲ್ಲಿ ನಮ್ಮ ಮಕ್ಕಳು ಎಡವುವ ಜಾಗಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ: ‘ಟು’ ಹತ್ತಿದ ಕ್ರಿಯಾರೂಪ, ಸರ್ವನಾಮ, ಜೋಡಿಯಾಗಿ ಬರುವ ಗುಣವಾಚಕ. ಈ ಮೂರರ ಕೀಲಿಯೂ ಅವರ ಮನೆಮಾತಿನಲ್ಲೇ ಇದೆ. ಮನೆಮಾತನ್ನು ತರಗತಿಯ ಹೊರಗೆ ಚಪ್ಪಲಿಯ ಜೊತೆ ಬಿಡಿಸಿ ಒಳಗೆ ಕರೆದರೆ ಆ ಕೀಲಿಯೂ ಹೊರಗೇ ಉಳಿಯುತ್ತದೆ.

ಮಂಗಳೂರು–ಮಡಿಕೇರಿ ದಾರಿಯ ಎರಡು ತುದಿಗಳಲ್ಲಿ ವ್ಯಾಕರಣದ ಕೆಲಸ ಎಷ್ಟು ನಡೆದಿದೆ ಎಂಬುದನ್ನು ಒಮ್ಮೆ ನೆನೆಯಬೇಕು. ಕೊಡಗಿನ ಸೂಪರಿಂಟೆಂಡೆಂಟ್ ಆಗಿದ್ದ ಕೋಲ್ ಕೊಡವ ಭಾಷೆಯ ವ್ಯಾಕರಣವನ್ನು ಅಚ್ಚು ಹಾಕಿಸಿದ್ದು 1867ರಲ್ಲಿ. ಬ್ರಿಗೆಲ್ ಅವರ ತುಳು ವ್ಯಾಕರಣ ಮಂಗಳೂರಿನಿಂದ ಹೊರಬಂದದ್ದು 1872ರಲ್ಲಿ. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟೆಲ್ ಸಂಪಾದಿಸಿ ಮಂಗಳೂರಿನಲ್ಲೇ ಮುದ್ರಿಸಿದ್ದೂ ಅದೇ 1872ರಲ್ಲಿ. ಐದಾರು ವರ್ಷಗಳಲ್ಲಿ ಘಾಟಿಯ ಮೇಲಿನದೊಂದು, ಕೆಳಗಿನ ಎರಡು. ಮುಂದೆ ಈ ಅರೆಭಾಷೆಯ ನೆಲದವರೇ ಆದ ಪ್ರೊ. ಕೋಡಿ ಕುಶಾಲಪ್ಪ ಗೌಡರು ಗೌಡ ಕನ್ನಡದ, ಅಂದರೆ ಅರೆಭಾಷೆಯ, ವಿವರಣಾತ್ಮಕ ಅಧ್ಯಯನವನ್ನು ಬರೆದರು. ಅಣ್ಣಾಮಲೈ ವಿಶ್ವವಿದ್ಯಾಲಯ ಅದನ್ನು 1970ರಲ್ಲಿ ಪ್ರಕಟಿಸಿತು. ದಕ್ಷಿಣ ಕನ್ನಡದವರೇ ಆದ ಡಿ. ಎನ್. ಶಂಕರ ಬಟ್ 1967ರಲ್ಲಿ ತುಳುವಿನ ವಿವರಣೆಯನ್ನೂ 1971ರಲ್ಲಿ ಹವ್ಯಕದ ವ್ಯಾಕರಣವನ್ನೂ ಪ್ರಕಟಿಸಿದರು. ಮುಂದೆ ಜಗತ್ತಿನ ಭಾಷೆಗಳನ್ನೆಲ್ಲ ಎದುರಿಗಿಟ್ಟುಕೊಂಡು ಗುಣವಾಚಕಗಳ ಮೇಲೆ 1994ರಲ್ಲಿ, ಸರ್ವನಾಮಗಳ ಮೇಲೆ 2004ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. ಹೊರದೇಶದ ಭಾಷಾವಿಜ್ಞಾನಿಗಳು ಓದುವ ಪುಸ್ತಕಗಳು ಅವು. ಅವುಗಳ ಸಾರ ಇದೇ ಸೀಮೆಯ ಶಾಲೆಯ ಕರಿಹಲಗೆಗೆ ಇನ್ನೂ ಇಳಿದಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಈಗ ಮೊದಲ ವಿಷಯಕ್ಕೆ ಬರುತ್ತೇನೆ.

‘ಐ ಹ್ಯಾವ್ ಟು ಗೋ.’ ಹ್ಯಾವ್ ಎಂದರೆ ಇದೆ ಎಂದು ಮಕ್ಕಳಿಗೆ ಕಲಿಸಿಯಾಗಿದೆ. ಹಾಗಾದರೆ ಹೋಗಬೇಕು ಎಂಬ ಅರ್ಥ ಎಲ್ಲಿಂದ ಬಂತು? ಬೆಂಗಳೂರಿನ ಮಗುವಿಗೆ ಇದನ್ನು ಬಿಡಿಸಿ ಹೇಳುವುದು ಸ್ವಲ್ಪ ಕಷ್ಟ. ಸಂಪಾಜೆಯ ಮಗುವಿಗೆ ಹೇಳಬೇಕಾದ್ದೇ ಇಲ್ಲ. ‘ನನಗೆ ಕೆಲಸ ಉಂಟು’ ಎಂದರೆ ಐ ಹ್ಯಾವ್ ವರ್ಕ್. ‘ನನಗೆ ಹೋಗ್ಲಿಕ್ಕುಂಟು’ ಎಂದರೆ ಐ ಹ್ಯಾವ್ ಟು ಗೋ. ಅರೆಭಾಷೆಯವರ ಬಾಯಲ್ಲಿ ಉಂಟು ‘ಉಟ್ಟು’ ಆಗುತ್ತದೆ, ಕಟ್ಟು ಅದೇ. ಒಂದು ವಸ್ತು ನನ್ನ ಬಳಿ ಇರುವ ಹಾಗೆಯೇ ಒಂದು ಕೆಲಸವೂ ನನ್ನ ಪಾಲಿಗೆ ಇದೆ. ಇರುವಿಕೆಯಿಂದ ಕರ್ತವ್ಯ ಹುಟ್ಟುವ ಈ ದಾರಿಯನ್ನು ಇಂಗ್ಲಿಷೂ ಹಿಡಿದಿದೆ, ಕರಾವಳಿಯ ಕನ್ನಡವೂ ಹಿಡಿದಿದೆ. ಒಂದರಿಂದ ಒಂದು ಕಲಿತದ್ದಲ್ಲ.

ಸಾಮ್ಯ ಇಷ್ಟಕ್ಕೇ ನಿಲ್ಲುವುದಿಲ್ಲ. ‘ಹೋಗ್ಲಿಕ್ಕೆ’ ಎಂಬುದನ್ನು ಬಿಡಿಸಿ ನೋಡಿ. ಹೋಗಲ್ ಎಂಬ ಹಳೆಯ ರೂಪದ ಮೇಲೆ ಚತುರ್ಥಿಯ ‘ಕ್ಕೆ’ ಕೂತಿದೆ. ಸುಳ್ಯಕ್ಕೆ, ಮಡಿಕೇರಿಗೆ ಎಂಬಲ್ಲಿ ಬರುವ ಪ್ರತ್ಯಯವೇ ಅದು. ಸುಳ್ಯಕ್ಕೆ ಹೋದೆ, ಗೊಬ್ಬರ ತರಲಿಕ್ಕೆ ಹೋದೆ: ಸೇರಬೇಕಾದ ಊರಿಗೂ ಆಗಬೇಕಾದ ಕೆಲಸಕ್ಕೂ ಒಂದೇ ಗುರುತು. ಇಂಗ್ಲಿಷಿನ ‘ಟು’ ಕೂಡ ಹಾಗೆಯೇ. ಟು ಸುಳ್ಯ, ಟು ಬೈ. ಹಳೆಯ ಇಂಗ್ಲಿಷಿನಲ್ಲಿ ಈ ‘ಟು’ವಿನ ಮುಂದೆ ಬರುವ ಕ್ರಿಯಾರೂಪಕ್ಕೆ ಚತುರ್ಥಿಯ ಪ್ರತ್ಯಯವೇ ಇರುತ್ತಿತ್ತು. ಕಾಲಕ್ರಮದಲ್ಲಿ ಪ್ರತ್ಯಯ ಸವೆದು ಹೋಯಿತು, ‘ಟು’ ಮಾತ್ರ ಉಳಿಯಿತು. ಅಂದರೆ ನಮ್ಮ ಅಜ್ಜಿಯರು ಈಗಲೂ ಆಡುವ ‘ನೋಡ್ಲಿಕ್ಕೆ’ ಎಂಬ ರೂಪ, ಸಾವಿರ ವರ್ಷದ ಹಿಂದಿನ ಇಂಗ್ಲಿಷಿನವರಿಗೆ ಕೂಡಲೇ ಅರ್ಥವಾಗುವಂಥ ರಚನೆ.

ಇನ್ನು ‘ಟು’ ಬರದ ಜಾಗ. ಕ್ಯಾನ್, ಮೇ, ಮಸ್ಟ್ ಇವುಗಳ ಮುಂದೆ ‘ಟು’ ಹಾಕಬಾರದು ಎಂದು ಪಟ್ಟಿ ಬರೆಸಿ ಉರು ಹೊಡೆಸುತ್ತಾರೆ. ಪಟ್ಟಿ ಮರೆತ ದಿನ ‘ಐ ಕ್ಯಾನ್ ಟು ಗೋ’ ಎಂದು ಮಗು ಬರೆಯುತ್ತದೆ, ಕೆಂಪು ಗೆರೆ ಬೀಳುತ್ತದೆ. ಕನ್ನಡದಲ್ಲಿ ನಾವು ಏನು ಮಾಡುತ್ತೇವೆ? ಹೋಗಬಲ್ಲೆ, ಹೋಗಬಹುದು, ಹೋಗಬೇಕು, ಹೋಗಬಾರದು, ಹೋಗಕೂಡದು. ಇಲ್ಲೆಲ್ಲ ‘ಹೋಗ’ ಎಂಬ ಗಿಡ್ಡ ರೂಪ ಮುಂದಿನ ಪದಕ್ಕೆ ಅಂಟಿಕೊಂಡಿದೆ. ‘ಹೋಗ್ಲಿಕ್ಕೆ ಬಲ್ಲೆ’ ಎಂದು ಯಾವ ಮಗುವೂ ಹೇಳುವುದಿಲ್ಲ. ನಮ್ಮಲ್ಲೂ ಗಿಡ್ಡದೊಂದು, ಉದ್ದದೊಂದು ರೂಪ ಇವೆ. ಸಾಮರ್ಥ್ಯ, ಅನುಮತಿ, ಒತ್ತಾಯಗಳನ್ನು ಹೇಳುವ ಪದಗಳು ಗಿಡ್ಡದ್ದನ್ನು ಬೇಡುತ್ತವೆ, ಉದ್ದೇಶ ಹೇಳುವಲ್ಲಿ ಉದ್ದದ್ದು ಬರುತ್ತದೆ. ಲೆಟ್ ಹಿಮ್ ಗೋ, ಅಲೌ ಹಿಮ್ ಟು ಗೋ ಎಂಬ ಜೋಡಿ ದೊಡ್ಡ ದೊಡ್ಡವರನ್ನೂ ತೊಡಕಿಗೆ ಸಿಕ್ಕಿಸುತ್ತದೆ. ಅದನ್ನು ಹೋಗಗೊಡು, ಹೋಗ್ಲಿಕ್ಕೆ ಬಿಡು ಎಂಬ ಜೋಡಿಯ ಪಕ್ಕ ಬರೆದು ತೋರಿಸಿದರೆ ಸಾಕು. ಎರಡೂ ಭಾಷೆಯಲ್ಲಿ ಮೊದಲನೆಯದು ಗಿಡ್ಡ, ಎರಡನೆಯದು ಉದ್ದ. ಎಲ್ಲ ಕಡೆ ಹೀಗೆ ಸರಿಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ. ಗ್ರಂಥಭಾಷೆಯಲ್ಲಿ ‘ಹೋಗಲು ಬಲ್ಲೆ’ಯೂ ಇದೆ, ಇಂಗ್ಲಿಷಿನಲ್ಲಿ ‘ಆಟ್ ಟು’ವೂ ಇದೆ. ಆದರೂ ಉರು ಹೊಡೆಯುವ ಪಟ್ಟಿಗಿಂತ ಇದು ಗಟ್ಟಿ ನೆಲ.

ಹಾಗೆಂದು ಮನೆಮಾತು ಎಲ್ಲ ಕಡೆ ಸಲೀಸಾಗಿ ದಾಟಿಸುತ್ತದೆ ಎಂದೂ ಅಲ್ಲ. ‘ಲಿಕ್ಕಿಲ್ಲ’ ಎಂಬುದನ್ನು ತೆಗೆದುಕೊಳ್ಳಿ. ‘ಅವ ಇವತ್ತು ಬರ್ಲಿಕ್ಕಿಲ್ಲ’ ಎಂದರೆ ಬರುವುದು ಅನುಮಾನ. ‘ನನಗೆ ನಾಳೆ ಶಾಲೆಗೆ ಹೋಗ್ಲಿಕ್ಕಿಲ್ಲ’ ಎಂದರೆ ಹೋಗಬೇಕಾದ ಅಗತ್ಯ ಇಲ್ಲ, ನಾಳೆ ರಜೆ. ‘ದೊಡ್ಡವರ ಎದುರು ಹಾಗೆಲ್ಲ ಹೇಳ್ಲಿಕ್ಕಿಲ್ಲ’ ಎಂದರೆ ಹೇಳಬಾರದು. ಒಂದೇ ರೂಪ, ಮೂರು ಅರ್ಥ. ಇಂಗ್ಲಿಷಿನಲ್ಲಿ ಮೂರೂ ಬೇರೆ ಬೇರೆ: ಮೇ ನಾಟ್ ಕಮ್, ಡೋಂಟ್ ಹ್ಯಾವ್ ಟು ಗೋ, ಮಸ್ಟ್ ನಾಟ್ ಸೇ. ನಮ್ಮ ಮಗು ‘ಐ ಮಸ್ಟ್ ನಾಟ್ ಗೋ ಟು ಸ್ಕೂಲ್ ಟುಮಾರೋ’ ಎಂದು ಬರೆದರೆ ಅದರ ಮನಸ್ಸಿನಲ್ಲಿರುವುದು ರಜೆಯ ಸಂತೋಷ. ಓದಿದವರಿಗೆ ಕಾಣುವುದು ನಿಷೇಧ. ಈ ತಪ್ಪನ್ನು ತಿದ್ದಬೇಕಾದರೆ ಶಿಕ್ಷಕರಿಗೆ ‘ಲಿಕ್ಕಿಲ್ಲ’ದ ಮೂರು ಮುಖಗಳು ಗೊತ್ತಿರಬೇಕು. ಇನ್ನೊಂದು ಸೂಕ್ಷ್ಮವೂ ಇಲ್ಲಿದೆ: ಅಗತ್ಯವಿಲ್ಲ ಎಂಬ ಅರ್ಥ ಬರುವಲ್ಲಿ ಸರ್ವನಾಮಕ್ಕೆ ‘ಗೆ’ ಹತ್ತಿದೆ, ಅನುಮಾನದ ಅರ್ಥದಲ್ಲಿ ಹತ್ತಿಲ್ಲ. ನನಗೆ ಹೋಗ್ಲಿಕ್ಕಿಲ್ಲ, ಅವ ಬರ್ಲಿಕ್ಕಿಲ್ಲ. ಈ ವ್ಯತ್ಯಾಸವನ್ನು ಐದು ವರ್ಷದ ಮಗು ತಪ್ಪದೆ ಪಾಲಿಸುತ್ತದೆ. ಯಾವ ಮೇಷ್ಟ್ರೂ ಅದಕ್ಕೆ ಕಲಿಸಿಕೊಟ್ಟದ್ದಲ್ಲ.

ಸರ್ವನಾಮದ ಮಾತು ಬಂತಲ್ಲ, ಅದನ್ನೇ ಮುಂದುವರಿಸುತ್ತೇನೆ. ‘ಐ ವಾಂಟ್ ಹಿಮ್ ಟು ಗೋ.’ ಹೋಗುವವನು ಅವನು. ಕೆಲಸ ಮಾಡುವವನು ಅವನಾದ ಮೇಲೆ ‘ಹಿ’ ಎನ್ನಬೇಡವೇ, ‘ಹಿಮ್’ ಯಾಕೆ? ಮಕ್ಕಳು ‘ಐ ವಾಂಟ್ ದಟ್ ಹಿ ಶುಡ್ ಗೋ’ ಎಂದು ಬರೆಯುತ್ತಾರೆ. ‘ಅವ ಹೋಗಬೇಕು ಅಂತ ನನಗೆ ಉಂಟು’ ಎಂಬ ವಾಕ್ಯವನ್ನು ಅವರು ಪದಕ್ಕೆ ಪದ ನಿಷ್ಠೆಯಿಂದ ದಾಟಿಸಿದ್ದಾರೆ. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಇದೇ ಅರ್ಥವನ್ನು ಹೇಳುವ ಕ್ರಮವೂ ಹೆಚ್ಚುಕಡಿಮೆ ಹೀಗೆಯೇ. ಬೇರೆ ದಾರಿ ಹಿಡಿದಿರುವುದು ಇಂಗ್ಲಿಷ್. ‘ಐ ಸಾ ಹಿಮ್ ಕ್ರಾಸ್ ದ ರಿವರ್’ ಎಂಬುದನ್ನು ಕನ್ನಡದಲ್ಲಿ ಹೇಳಿ ನೋಡಿ: ಅವನು ಹೊಳೆ ದಾಟುವುದನ್ನು ಕಂಡೆ. ದ್ವಿತೀಯೆಯ ‘ಅನ್ನು’ ಎಲ್ಲಿ ಕೂತಿತು? ದಾಟುವಿಕೆಯ ಮೇಲೆ. ಅವನು ಪ್ರಥಮೆಯಲ್ಲೇ ಉಳಿದ. ಇಂಗ್ಲಿಷಿನಲ್ಲಿ ಆ ‘ಅನ್ನು’ ಮನುಷ್ಯನ ಮೇಲೆ ಹೋಗಿ ಕೂರುತ್ತದೆ, ಅವನು ಹಿಮ್ ಆಗುತ್ತಾನೆ, ದಾಟುವಿಕೆ ಬರಿಮೈಯಲ್ಲಿ ಉಳಿಯುತ್ತದೆ. ಕನ್ನಡ ಇಡೀ ಘಟನೆಯನ್ನು ಕರ್ಮ ಮಾಡಿಕೊಂಡರೆ ಇಂಗ್ಲಿಷ್ ಘಟನೆಯ ಒಳಗಿನ ಮನುಷ್ಯನನ್ನು ಕರ್ಮ ಮಾಡಿಕೊಳ್ಳುತ್ತದೆ. ಇದನ್ನು ಒಮ್ಮೆ ಕಂಡುಕೊಂಡ ಹುಡುಗಿ ಐ ವಾಂಟ್ ಹಿ ಟು ಗೋ ಎಂದು ಮತ್ತೆ ಬರೆಯುವುದು ಕಡಿಮೆ.

ಒಂದು ಪುಟ್ಟ ಪದ ನಮ್ಮ ಸೀಮೆಯ ಶ್ರೀಮಂತಿಕೆಯನ್ನು ಚೆನ್ನಾಗಿ ತೋರಿಸುತ್ತದೆ. ‘ವಿ’. ಇಂಗ್ಲಿಷಿಗೆ ಇರುವುದು ಒಂದೇ ನಾವು. ಕೇಳುವವರನ್ನು ಸೇರಿಸಿಕೊಂಡೋ ಬಿಟ್ಟೋ ಎಂಬುದು ಅದರಿಂದ ತಿಳಿಯುವುದಿಲ್ಲ. ತುಳುವಿನಲ್ಲಿ ನಿಮ್ಮನ್ನೂ ಸೇರಿಸಿಕೊಂಡರೆ ‘ನಮ’, ನಿಮ್ಮನ್ನು ಬಿಟ್ಟರೆ ‘ಎಂಕುಳು’. ಕೊಡವ ತಕ್ಕ್‌ನಲ್ಲಿ ‘ನಂಗ’ ಮತ್ತು ‘ಎಂಗ’. ಹವ್ಯಕರಲ್ಲಿ ‘ನಾವು’ ಮತ್ತು ‘ಎಂಗೊ’. ಮಲಯಾಳದಲ್ಲಿ ‘ನಮ್ಮಳ್’ ಮತ್ತು ‘ಞಙ್ಙಳ್’. ರಬ್ಬರ್ ತೋಟದ ಲೈನಿನ ಮನೆಯ ತಮಿಳಿನಲ್ಲಿ ‘ನಾಮ್’ ಮತ್ತು ‘ನಾಂಗಳ್’. ಸಂಪಾಜೆಯ ಒಂದು ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಈ ಭೇದ ನಾಲ್ಕೈದು ಭಾಷೆಯಲ್ಲಿ ಕಿವಿಗೆ ಬೀಳುತ್ತದೆ. ನಮ್ಮ ಶಾಲೆಯ ಕನ್ನಡದಲ್ಲಿ ಅದಿಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಆದರೆ ಇಂಗ್ಲಿಷಿನ ಒಂದು ಮೂಲೆಯಲ್ಲಿ ಅದು ಅಡಗಿದೆ. ‘ಲೆಟ್ಸ್ ಗೋ’ ಎಂದರೆ ಬನ್ನಿ, ನೀವೂ ನಾವೂ ಹೋಗೋಣ. ‘ಲೆಟ್ ಅಸ್ ಗೋ, ಸರ್’ ಎಂದು ಮಕ್ಕಳು ಮೇಷ್ಟ್ರ ಬಳಿ ಕೇಳಿದರೆ ನಮ್ಮನ್ನು ಬಿಡಿ, ನಾವು ಹೋಗುತ್ತೇವೆ ಎಂದರ್ಥ. ಮೇಷ್ಟ್ರು ಆ ‘ಅಸ್’ನಲ್ಲಿ ಇಲ್ಲ. ಮೊದಲನೆಯದು ನಮ, ಎರಡನೆಯದು ಎಂಕುಳು ಎಂದು ತುಳುವಿನ ಮಗುವಿಗೆ ಹೇಳಿದರೆ ಅದರ ಮುಖ ಅರಳುತ್ತದೆ. ಬಹಳ ಕಡೆ ಒಂದು ಪುಟ ವಿವರಣೆ ಬೇಡುವ ವಿಷಯ ಇಲ್ಲಿ ಒಂದು ಪದದಲ್ಲಿ ಮುಗಿಯಿತು.

‘ಇಟ್’ ಎಂಬ ಸರ್ವನಾಮದ ಕಥೆ ಬೇರೆ. ನಮ್ಮಲ್ಲಿ ಮಳೆ ಬರುತ್ತದೆ. ಈ ಊರಿನಲ್ಲಿ ಎಷ್ಟು ಬರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ‘ಇಟ್’ ಮಳೆಗರೆಯುತ್ತದೆ. ಏನದು ಇಟ್ ಎಂದು ಕೇಳಿದರೆ ಏನೂ ಅಲ್ಲ. ಇಂಗ್ಲಿಷಿನ ವಾಕ್ಯಕ್ಕೆ ಕರ್ತೃವಿನ ಜಾಗ ಖಾಲಿ ಇರಕೂಡದು, ಅಷ್ಟೇ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿಯುತ್ತೇವಲ್ಲ, ಇಟ್ ಆ ಟವೆಲ್. ‘ಇಟ್ ಈಸ್ ಈಸಿ ಟು ಕ್ಲೈಂಬ್ ದಿಸ್ ಹಿಲ್’ ಎಂಬಲ್ಲಿ ನಿಜವಾದ ಪ್ರಯಾಣಿಕ ಹಿಂದೆ ಬರುತ್ತಿದ್ದಾನೆ: ಟು ಕ್ಲೈಂಬ್ ದಿಸ್ ಹಿಲ್. ಈ ಗುಡ್ಡ ಹತ್ತುವುದು ಸುಲಭ ಎಂದು ನಾವು ನೇರ ಹೇಳುತ್ತೇವೆ, ನಮಗೆ ಟವೆಲ್ ಬೇಕಾಗುವುದಿಲ್ಲ.

ಇದೇ ಕಟ್ಟಿನೊಳಗೆ ಪರೀಕ್ಷೆಯವರು ಪ್ರೀತಿಯಿಂದ ಕೇಳುವ ಒಂದು ಪ್ರಶ್ನೆ ಇದೆ, ‘ಆಫ್’ ಹಾಕಬೇಕೋ ‘ಫಾರ್’ ಹಾಕಬೇಕೋ ಎಂದು. ಇಟ್ ಈಸ್ ಕೈಂಡ್ ಆಫ್ ಯು ಟು ಕಮ್. ಇಟ್ ಈಸ್ ಈಸಿ ಫಾರ್ ಯು ಟು ಕಮ್. ಕೈಂಡ್, ಫೂಲಿಶ್, ಕ್ಲೆವರ್ ಬಂದರೆ ಆಫ್, ಈಸಿ, ಡಿಫಿಕಲ್ಟ್, ನೆಸೆಸರಿ ಬಂದರೆ ಫಾರ್ ಎಂದು ಮತ್ತೆ ಪಟ್ಟಿ. ಕನ್ನಡದಲ್ಲಿ ಹೇಳೋಣ: ನೀವು ಬಂದದ್ದು ನಿಮ್ಮ ದೊಡ್ಡ ಗುಣ. ಬರುವುದು ನಿಮಗೆ ಸುಲಭ. ಗುಣ ಮನುಷ್ಯನದ್ದಾದರೆ ನಿಮ್ಮ, ಅದು ಷಷ್ಠಿ. ಸುಲಭವೋ ಕಷ್ಟವೋ ಕೆಲಸದ್ದಾದರೆ ನಿಮಗೆ, ಅದು ಚತುರ್ಥಿ. ಆಫ್ ನಮ್ಮ ಷಷ್ಠಿ, ಫಾರ್ ನಮ್ಮ ಚತುರ್ಥಿ. ಪಟ್ಟಿಯನ್ನು ಹರಿದು ಹಾಕಬಹುದು.

ಈಗ ನನಗೆ ತೀರಾ ಮುಖ್ಯವೆನಿಸಿದ ಭಾಗ. 1960ರ ದಶಕದಲ್ಲಿ ಅಮೆರಿಕದ ನೋಮ್ ಚಾಮ್‌ಸ್ಕಿ ಒಂದು ಜೋಡಿ ವಾಕ್ಯವನ್ನು ಭಾಷಾವಿಜ್ಞಾನದಲ್ಲಿ ಪ್ರಸಿದ್ಧಗೊಳಿಸಿದರು. ‘ಜಾನ್ ಈಸ್ ಈಗರ್ ಟು ಪ್ಲೀಸ್.’ ‘ಜಾನ್ ಈಸ್ ಈಸಿ ಟು ಪ್ಲೀಸ್.’ ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಚ್ಚಿನವು, ಬದಲಾದದ್ದು ಗುಣವಾಚಕ ಮಾತ್ರ. ಆದರೆ ಮೊದಲನೆಯದರಲ್ಲಿ ಮೆಚ್ಚಿಸುವವನು ಜಾನ್. ಎರಡನೆಯದರಲ್ಲಿ ಯಾರೋ ಜಾನನನ್ನು ಮೆಚ್ಚಿಸುತ್ತಾರೆ. ಯಾರು ಯಾರನ್ನು ಎಂಬುದನ್ನು ಇಂಗ್ಲಿಷ್ ಬಾಯಿಬಿಟ್ಟು ಹೇಳುವುದಿಲ್ಲ. ಕೇಳುವವರು ಗುಣವಾಚಕದಿಂದ ಊಹಿಸಿಕೊಳ್ಳಬೇಕು.

ಭಾಷಾವಿಜ್ಞಾನಿ ಕ್ಯಾರಲ್ ಚಾಮ್‌ಸ್ಕಿ ಐದರಿಂದ ಹತ್ತು ವರ್ಷದೊಳಗಿನ, ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಮಕ್ಕಳನ್ನು ಇಟ್ಟುಕೊಂಡು ಇದನ್ನು ಪರೀಕ್ಷೆ ಮಾಡಿದರು. ಅವರ ಪುಸ್ತಕ ಬಂದದ್ದು 1969ರಲ್ಲಿ. ಕಣ್ಣಿಗೆ ಬಟ್ಟೆ ಕಟ್ಟಿದ ಒಂದು ಗೊಂಬೆಯನ್ನು ಮಗುವಿನ ಮುಂದಿಟ್ಟು, ಈ ಗೊಂಬೆ ‘ಈಸಿ ಟು ಸೀ’ಯೋ ‘ಹಾರ್ಡ್ ಟು ಸೀ’ಯೋ ಎಂದು ಕೇಳುವುದು. ಗೊಂಬೆ ಕಣ್ಣೆದುರೇ ಕೂತಿದೆ, ಅದನ್ನು ನೋಡುವುದು ಸುಲಭ. ಆದರೆ ಸಣ್ಣ ಮಕ್ಕಳಲ್ಲಿ ಬಹಳ ಮಂದಿ ‘ಹಾರ್ಡ್ ಟು ಸೀ’ ಎಂದರು. ಗೊಂಬೆಯ ಕಣ್ಣಿಗೆ ಬಟ್ಟೆ ಕಟ್ಟಿದೆಯಲ್ಲ, ಪಾಪ, ಅದಕ್ಕೆ ಕಾಣುವುದು ಕಷ್ಟ ಎಂದು ಅವರ ಲೆಕ್ಕ. ನೋಡುವವರು ಯಾರು ಎಂಬುದು ತಲೆಕೆಳಗಾಯಿತು. ಇಂಗ್ಲೆಂಡು, ಅಮೆರಿಕದಲ್ಲಿ ಹುಟ್ಟಿದ ಮಗುವಿಗೂ ತನ್ನ ತಾಯಿನುಡಿಯ ಈ ಕಟ್ಟು ಕೈಹತ್ತಲು ಹಲವು ವರ್ಷ ಬೇಕು.

ಅದೇ ಗೊಂಬೆಯನ್ನು ಇಲ್ಲಿನ ಅಂಗನವಾಡಿಯಲ್ಲಿ ಇಡಿ. ಕನ್ನಡದಲ್ಲಿ ಪ್ರಶ್ನೆ ಕೇಳಬೇಕಾದರೆ ನೀವು ಮೊದಲೇ ನಿರ್ಧರಿಸಬೇಕು: ಗೊಂಬೆಯನ್ನು ನೋಡುವುದು ಸುಲಭವೋ, ಗೊಂಬೆಗೆ ನೋಡುವುದು ಸುಲಭವೋ? ‘ಅನ್ನು’ ಬಂದರೆ ನೋಡುವವರು ನಾವು, ‘ಗೆ’ ಬಂದರೆ ನೋಡುವುದು ಗೊಂಬೆ. ಗೊಂದಲಕ್ಕೆ ದಾರಿಯೇ ಇಲ್ಲ. ಇಂಗ್ಲಿಷ್ ಒಳಗೆ ಬಚ್ಚಿಡುವುದನ್ನು ಕನ್ನಡ ಹೊರಗೆ ಬರೆದಿಡುತ್ತದೆ. ಹಾಗಾದರೆ ತರಗತಿಯಲ್ಲಿ ಮಾಡಬೇಕಾದ್ದು ಏನು? ‘ಈಸಿ ಟು ಪ್ಲೀಸ್’, ‘ಹಾರ್ಡ್ ಟು ಕ್ಯಾಚ್’, ‘ರೆಡಿ ಟು ಈಟ್’, ‘ಅಫ್ರೇಡ್ ಟು ಜಂಪ್’ ಎಂಬವುಗಳನ್ನು ಹಲಗೆಯ ಮೇಲೆ ಬರೆದು, ಜಾನ್ ಎಂಬ ಹೆಸರಿಗೆ ‘ಅನ್ನು’ ಹಚ್ಚಬೇಕೋ ಬೇಡವೋ ಎಂದು ಮಕ್ಕಳನ್ನೇ ಕೇಳುವುದು. ‘ರೆಡಿ ಟು ಈಟ್’ ಬಂದಾಗ ತರಗತಿ ಎರಡಾಗುತ್ತದೆ. ‘ದ ಚಿಕನ್ ಈಸ್ ರೆಡಿ ಟು ಈಟ್’ ಎಂದರೆ ಕೋಳಿ ಕಾಳು ತಿನ್ನಲು ಕಾದಿದೆಯೋ, ಕೋಳಿಯ ಸಾರು ತಟ್ಟೆಗೆ ಬಂದಿದೆಯೋ? ಎರಡೂ ಸರಿ. ನಾನು ಕಲಿಸಿದ ತರಗತಿಗಳಲ್ಲಿ ಈ ವಾಕ್ಯದ ದಿನ ಹಿಂದಿನ ಬೆಂಚಿನವರೂ ಕೈ ಎತ್ತಿದ್ದಾರೆ.

ಗುಣವಾಚಕ ಎನ್ನುವ ಪದವನ್ನು ಇಷ್ಟು ಹೊತ್ತು ಧಾರಾಳವಾಗಿ ಬಳಸಿದೆ. ಕನ್ನಡದಲ್ಲಿ ಅದಕ್ಕೆ ಇಂಗ್ಲಿಷಿನಷ್ಟು ಸ್ವತಂತ್ರ ಬಾಳು ಇಲ್ಲ. ‘ಮನೆ ದೊಡ್ಡ’ ಎಂದರೆ ವಾಕ್ಯ ಮುಗಿಯುವುದಿಲ್ಲ. ಮನೆ ದೊಡ್ಡದು, ಹುಡುಗ ದೊಡ್ಡವನು, ಹುಡುಗಿ ದೊಡ್ಡವಳು. ದೊಡ್ಡ ಎಂಬುದರ ಬಾಲಕ್ಕೆ ಅದು, ಅವನು, ಅವಳು ಎಂಬ ಸರ್ವನಾಮ ಬಂದು ಕೂಡಬೇಕು. 1994ರ ಗ್ರಂಥದಲ್ಲಿ ಶಂಕರ ಬಟ್ ಅವರು ಎತ್ತಿಕೊಂಡದ್ದೂ ಇಂಥದೇ ಪ್ರಶ್ನೆ: ಗುಣವಾಚಕವೆಂಬುದು ನಾಮಪದ, ಕ್ರಿಯಾಪದಗಳಿಂದ ಬೇರೆಯೇ ಆದ ಒಂದು ಗುಂಪು ಎಂದು ಯಾವ ಭಾಷೆಯಲ್ಲಿ, ಯಾವ ಆಧಾರದ ಮೇಲೆ ಹೇಳಬಹುದು? ನಮ್ಮ ಮಗು ‘ದ ಹೌಸ್ ಈಸ್ ಬಿಗ್ ಒನ್’ ಎಂದು ಬರೆಯುವುದರ ಮೂಲ ಇಲ್ಲಿದೆ. ದೊಡ್ಡದು ಎಂಬುದರಲ್ಲಿ ಇರುವ ‘ಅದು’ವಿಗೆ ಮಗು ‘ಒನ್’ ಹುಡುಕಿಕೊಂಡಿದೆ. ಎರಡರಲ್ಲಿ ಯಾವುದು ಬೇಕು ಎಂದು ಕೇಳಿದಾಗ ದೊಡ್ಡದು ಎನ್ನುತ್ತೇವಲ್ಲ, ಅಲ್ಲಿ ‘ದ ಬಿಗ್ ಒನ್’ ಸರಿಯಾಗಿ ಕೂರುತ್ತದೆ. ಒಂದು ಕಡೆ ತಪ್ಪಾದದ್ದು ಇನ್ನೊಂದು ಕಡೆ ಸರಿ ಎಂದು ತೋರಿಸಿದರೆ ಮಗುವಿನ ಹುಡುಕಾಟ ವ್ಯರ್ಥವಾಗುವುದಿಲ್ಲ.

ಜೋಡಿ ಗುಣವಾಚಕಗಳಲ್ಲಿ ನಾವು ಕುಬೇರರು. ಸಣ್ಣಪುಟ್ಟ, ಅರೆಬರೆ, ಹರಕುಮುರುಕು, ಸೊಟ್ಟಪಟ್ಟ, ಹಳೆಪಳೆ, ಹಾಳುಮೂಳು. ಒಮ್ಮೆ ಇವನ್ನೆಲ್ಲ ಬಾಯಿಬಿಟ್ಟು ಹೇಳಿ ನೋಡಿ. ಎರಡನೆಯ ಪದ ಎಷ್ಟು ಸಲ ಪ, ಬ, ಮಗಳಿಂದ ಶುರುವಾಗುತ್ತದೆ! ತುಟಿ ಮುಚ್ಚಿ ಜೋಡಿಯನ್ನು ಮುಗಿಸುವುದು ನಮ್ಮ ಕಿವಿಗೆ ಹಿತ. ಇಂಗ್ಲಿಷಿನ ಮಕ್ಕಳ ಮಾತಿನಲ್ಲೂ ಇಟ್ಸಿ ಬಿಟ್ಸಿ, ಟೀನಿ ವೀನಿ, ನ್ಯಾಂಬಿ ಪ್ಯಾಂಬಿ ಎಂದು ತುಟಿಯ ಅಕ್ಷರ ಎರಡನೆಯ ಜಾಗಕ್ಕೇ ಬರುತ್ತದೆ. ಕೆಂಪು ಗಿಂಪು, ಪುಸ್ತಕ ಗಿಸ್ತಕ ಎಂಬ ಪ್ರತಿಧ್ವನಿ ಪದಗಳ ದಾರಿ ಇನ್ನೊಂದು. 1930ರ ದಶಕದಲ್ಲಿ ತೋಡ, ಕೋತ, ಕೊಡವ ಭಾಷೆಗಳ ನಡುವೆ ಕೂತು ಕೆಲಸ ಮಾಡಿದ ಎಮೆನೋ, 1956ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಭಾರತವೇ ಒಂದು ಭಾಷಾಪ್ರದೇಶ ಎಂದು ವಾದಿಸಿದಾಗ ಈ ಪ್ರತಿಧ್ವನಿ ಪದಗಳನ್ನೂ ಸಾಕ್ಷಿಯಾಗಿ ಕರೆದರು. ಕೇಶಿರಾಜ ತನ್ನ ಕಾಲದಲ್ಲೇ ಕಟ್ಟಕಡೆ, ನಟ್ಟನಡು, ತುತ್ತತುದಿಗಳನ್ನು ಗಮನಿಸಿದ್ದ. ಇಂಗ್ಲಿಷಿನ ಬ್ರ್ಯಾಂಡ್ ನ್ಯೂ ನಮ್ಮ ಹೊಚ್ಚಹೊಸದು, ಪಿಚ್ ಡಾರ್ಕ್ ನಮ್ಮ ಕಗ್ಗತ್ತಲೆ.

ಇಂಗ್ಲಿಷಿನ ಜೋಡಿಗಳು ಹೆಚ್ಚಾಗಿ ನಡುವೆ ‘ಅಂಡ್’ ಇಟ್ಟುಕೊಂಡು ಬರುತ್ತವೆ: ಶಾರ್ಟ್ ಅಂಡ್ ಸ್ವೀಟ್, ನೀಟ್ ಅಂಡ್ ಟೈಡಿ, ಹೈ ಅಂಡ್ ಮೈಟಿ, ರಫ್ ಅಂಡ್ ರೆಡಿ. ತಿರುಗಿಸಿ ಟೈಡಿ ಅಂಡ್ ನೀಟ್ ಎಂದರೆ ಕಿವಿಗೆ ಒಗ್ಗುವುದಿಲ್ಲ. ಯಾಕೆಂದರೆ ಸಣ್ಣ ಪದ ಮೊದಲು, ಉದ್ದ ಪದ ಆಮೇಲೆ ಎಂಬ ಒಲವು ಇಲ್ಲಿ ಕೆಲಸ ಮಾಡುತ್ತದೆ. ಜರ್ಮನಿಯ ಬೆಹಾಗೆಲ್ 1909ರಲ್ಲಿ ಇದನ್ನು ಬೆಳೆಯುವ ಅಂಗಗಳ ನಿಯಮ ಎಂದು ಕರೆದ. ನಮ್ಮ ಪಾಣಿನಿ ಅದಕ್ಕೂ ಎರಡು ಸಾವಿರ ವರ್ಷಕ್ಕೆ ಮೊದಲೇ ದ್ವಂದ್ವ ಸಮಾಸದಲ್ಲಿ ಕಡಿಮೆ ಸ್ವರಗಳುಳ್ಳ ಪದ ಮೊದಲು ಬರಬೇಕು ಎಂದು ‘ಅಲ್ಪಾಚ್ತರಮ್’ ಎಂಬ ಒಂದೇ ಪದದ ಸೂತ್ರದಲ್ಲಿ ಹೇಳಿ ಮುಗಿಸಿದ್ದಾನೆ. ಸಂಸ್ಕೃತ ಕಲಿಸುವ ಮೇಷ್ಟ್ರೂ ಇಂಗ್ಲಿಷ್ ಕಲಿಸುವ ಮೇಷ್ಟ್ರೂ ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಮಾತಾಡಿಕೊಂಡರೆ ಈ ಪಾಠ ಎಷ್ಟು ಸೊಗಸಾಗಬಹುದು!

‘ಅಂಡ್’ ಇಲ್ಲದೆ ಸಾಲಾಗಿ ನಿಲ್ಲುವ ಗುಣವಾಚಕಗಳ ಬಗ್ಗೆ ಹೆದರಿಕೆ ಬೇಡ. ಎರಡು ದೊಡ್ಡ ಹಳೆಯ ಮರದ ಪೆಟ್ಟಿಗೆಗಳು. ಟೂ ಬಿಗ್ ಓಲ್ಡ್ ವುಡನ್ ಬಾಕ್ಸಸ್. ಸಂಖ್ಯೆ, ಗಾತ್ರ, ವಯಸ್ಸು, ವಸ್ತು: ಎರಡರಲ್ಲೂ ಒಂದೇ ಸಾಲು. ದ್ವಿರುಕ್ತಿಯಲ್ಲಿ ಮಾತ್ರ ಎಚ್ಚರ ಬೇಕು. ‘ದೊಡ್ಡ ದೊಡ್ಡ ಮರ’ ಎಂಬಲ್ಲಿ ಮರಗಳು ಹಲವು, ಒಂದೊಂದೂ ದೊಡ್ಡದು ಎಂಬ ಅರ್ಥವನ್ನು ಗುಣವಾಚಕದ ಪುನರುಕ್ತಿಯೇ ಹೊತ್ತಿದೆ. ಇಂಗ್ಲಿಷಿನಲ್ಲಿ ಆ ಭಾರವನ್ನು ‘ಟ್ರೀಸ್’ನ ಬಹುವಚನ ಹೊರುತ್ತದೆ, ಬಿಗ್ ಒಂದೇ ಸಲ ಸಾಕು. ‘ಬಿಗ್ ಬಿಗ್ ಟ್ರೀ’ ಎಂದು ಬರೆದ ಮಗುವಿಗೆ ಬಹುವಚನ ಗೊತ್ತಿಲ್ಲ ಎನ್ನುವುದು ಅನ್ಯಾಯ. ಬಹುವಚನವನ್ನು ಅದು ಮನೆಯಲ್ಲಿ ಇಡುವ ಜಾಗದಲ್ಲೇ ಇಟ್ಟಿದೆ.

ಈ ವಿಷಯಗಳು ಒಂದರೊಡನೊಂದು ಸೇರುವ ಎರಡು ಉದಾಹರಣೆ ಕೊಡುತ್ತೇನೆ. ಮೊದಲನೆಯದು ‘ದ ಸೂನರ್ ದ ಬೆಟರ್’. ಇಲ್ಲಿನ ‘ದ’ ನಾವು ಕಲಿಸುವ ಆರ್ಟಿಕಲ್ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಅದು’ ಎಂಬ ನಿರ್ದೇಶಕ ಸರ್ವನಾಮಕ್ಕೆ ತೃತೀಯೆಯಂಥ ಒಂದು ವಿಭಕ್ತಿ ಇತ್ತು. ಅಷ್ಟರ ಮಟ್ಟಿಗೆ ಎಂದು ಅದರ ಅರ್ಥ. ಅದು ಸವೆದು ‘ದ’ ಆಗಿ ಉಳಿದಿದೆ. ನಾವು ಹೇಳುವುದು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಎಷ್ಟು, ಅಷ್ಟು ಎಂಬುವು ನಮ್ಮಲ್ಲಿ ಹೊರಗೇ ಕಾಣುತ್ತವೆ. ಜೋಡಿ ಗುಣವಾಚಕದ ಹೊಟ್ಟೆಯಲ್ಲಿ ಸರ್ವನಾಮ ಕೂತಿದೆ ಎಂಬುದನ್ನು ಇಂಗ್ಲಿಷಿನವರೇ ಮರೆತಿದ್ದಾರೆ.

ಎರಡನೆಯದು ಹತ್ತನೇ ತರಗತಿಯವರೆಲ್ಲ ಬಲ್ಲ ‘ಟೂ – ಟು’. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ತಲೆಮಾರುಗಳಿಂದ ಮಾಡಿಸುತ್ತಿರುವ ಅಭ್ಯಾಸ ಇದು. ‘ದಿಸ್ ಸ್ಯಾಕ್ ಈಸ್ ಟೂ ಹೆವಿ ಫಾರ್ ಮಿ ಟು ಲಿಫ್ಟ್.’ ಇದನ್ನು ‘ಸೋ – ದಟ್’ಗೆ ಬದಲಿಸಿದರೆ ‘ದಿಸ್ ಸ್ಯಾಕ್ ಈಸ್ ಸೋ ಹೆವಿ ದಟ್ ಐ ಕೆನಾಟ್ ಲಿಫ್ಟ್ ಇಟ್.’ ಮಿ ಹೋಗಿ ಐ ಬಂತು, ಎಲ್ಲೂ ಇಲ್ಲದ ನಾಟ್ ಬಂತು, ಕೊನೆಗೆ ಒಂದು ಇಟ್ ಬಂತು. ಮೂರೂ ಎಲ್ಲಿಂದ ಬಂದವು ಎಂದು ಮಕ್ಕಳು ಕಂಗಾಲಾಗುತ್ತಾರೆ. ಅಡಿಕೆಯ ಗೋಣಿಯ ಎದುರು ನಿಂತು ಇಲ್ಲಿನ ಹುಡುಗ ಏನು ಹೇಳುತ್ತಾನೆ? ನನಗೆ ಎತ್ತಲಾರದಷ್ಟು ಭಾರ. ಎತ್ತಲ್, ಆರದ, ಅಷ್ಟು. ಎತ್ತಲ್ ಎಂಬುದು ಟು ಲಿಫ್ಟ್, ಆರದ ಎಂಬುದು ಕೆನಾಟ್, ಅಷ್ಟು ಎಂಬುದು ಸೋ, ನನಗೆ ಎಂಬುದು ಫಾರ್ ಮಿ. ‘ಟೂ – ಟು’ ನುಂಗಿಕೊಂಡ ನಿಷೇಧ ನಮ್ಮ ‘ಆರದ’ದಲ್ಲಿ ಎದ್ದು ಕಾಣುತ್ತದೆ. ಇನ್ನು ಆ ಇಟ್? ‘ಎಷ್ಟು ಭಾರ ಅಂದರೆ, ನನಗೆ ಅದನ್ನು ಎತ್ತಲಿಕ್ಕೆ ಆಗುವುದಿಲ್ಲ’ ಎಂದು ವಾಕ್ಯವನ್ನು ಎರಡು ಮಾಡಿದ ಕೂಡಲೇ ಕನ್ನಡದಲ್ಲೂ ‘ಅದನ್ನು’ ಬಂದು ಕೂರಲು ಜಾಗವಾಯಿತು. ಇಂಗ್ಲಿಷಿನಲ್ಲಿ ಅದು ಬರಲೇಬೇಕು, ನಮ್ಮಲ್ಲಿ ಬಂದರೂ ಸೈ, ಬಿಟ್ಟರೂ ಸೈ.

ಇದನ್ನೆಲ್ಲ ತರಗತಿಗೆ ತರುವುದು ಹೇಗೆ ಎಂಬುದು ಕೊನೆಯ ಮಾತು. 2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಇಂಗ್ಲಿಷ್ ಬೇಡ ಎಂಬ ವಾದ ನನ್ನದಲ್ಲ. ಈ ಮಕ್ಕಳಿಗೆ ಅದು ಚೆನ್ನಾಗಿ ಬರಬೇಕು ಎಂಬ ಹಂಬಲವೇ ನನ್ನನ್ನು ಇಲ್ಲಿ ನಿಲ್ಲಿಸಿದೆ. ಮಡಿಕೇರಿಯಲ್ಲಿ 2011ರಿಂದ ಅರೆಭಾಷೆಗೆ ಅದರದ್ದೇ ಅಕಾಡೆಮಿ ಇದೆ, ತುಳು, ಕೊಡವ, ಬ್ಯಾರಿ ಅಕಾಡೆಮಿಗಳೂ ಇವೆ. ಇವು ನಾಲ್ಕೂ ಕೂಡಿ, ಈ ಸೀಮೆಯ ಇಂಗ್ಲಿಷ್ ಶಿಕ್ಷಕರನ್ನು ಕರೆದುಕೊಂಡು, ಒಂದು ಸಣ್ಣ ವಾಕ್ಯಪುಸ್ತಕ ಮಾಡಬೇಕು ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಎಡಗಡೆಯ ಪುಟದಲ್ಲಿ ಇಂಗ್ಲಿಷಿನ ಒಂದು ಕಟ್ಟು, ಬಲಗಡೆ ಅದೇ ಅರ್ಥದ ಅರೆಭಾಷೆ, ತುಳು, ಕೊಡವ, ಬ್ಯಾರಿ, ಶಾಲೆಯ ಕನ್ನಡದ ವಾಕ್ಯಗಳು. ನಿಯಮ ಬರೆಯುವುದು ಬೇಡ, ನಿಯಮವನ್ನು ಮಕ್ಕಳು ಓದಿ ತಾವೇ ಕಂಡುಕೊಳ್ಳಲಿ. ಕುಶಾಲಪ್ಪ ಗೌಡರು, ಶಂಕರ ಬಟ್ಟರು ಕಷ್ಟಪಟ್ಟು ಕೂಡಿಟ್ಟದ್ದರಿಂದ ಅರ್ಧ ಪುಸ್ತಕವನ್ನು ಈಗಲೇ ತುಂಬಿಸಬಹುದು. ಉಳಿದ ಅರ್ಧಕ್ಕೆ ಬೇಕಾದ ವಾಕ್ಯಗಳನ್ನು ಈ ಊರಿನ ಏಳನೇ ತರಗತಿಯ ಮಕ್ಕಳಿಂದಲೇ, ಅವರವರ ಮನೆಯಲ್ಲಿ ಆಡುವ ಹಾಗೆಯೇ, ಬರೆಸಿಕೊಳ್ಳಬೇಕು.